ಆ ಕಾಲೇಜಿನ ಲೈಬ್ರರಿ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಗೊತ್ತಿಲ್ಲ. ಸಹಾಯಕ ಪ್ರಾಧ್ಯಾಪಕರ ಹುದ್ದೆಯ ಸಂದರ್ಶನಕ್ಕೆ ಬಂದವಳು ಮಗುವಿಗೆ ಹಾಲು ಕುಡಿಸೋಕೆ ಜಾಗ ಹುಡುಕುತ್ತಿದ್ದಾಗ, ಏನೂ ಕೇಳದೆ ಹಳೇ ಪತ್ರಿಕೆಗಳ ಕೋಣೆಯ ಬೀಗ ತೆಗೆದು, ಫ್ಯಾನ್ ಹಾಕಿ, ಬಾಗಿಲು ಮುಂದೆ ಮಾಡಿ ಹೋದಿರಿ. ನನ್ನ ಸರದಿ ಬಂದಾಗ ಮಗಳನ್ನೂ ಎತ್ತಿಕೊಂಡಿರಿ.

ಒಳಗೆ ನನ್ನ ಸಂಶೋಧನೆಯ ಬಗ್ಗೆ ಮಾತೇ ಕಡಿಮೆ. "ಮಗುವನ್ನು ಯಾರು ನೋಡಿಕೊಳ್ತಾರೆ?" ಅನ್ನೋದೇ ಜಾಸ್ತಿ. ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ 240 ದಿನಗಳವರೆಗೆ ಹೆರಿಗೆ ರಜೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲೇ ಅವಕಾಶ ಇದೆ, ಆದರೆ ಕೆಲಸ ಕೇಳೋಕೆ ಹೋದರೆ ಅದೇ ರಜೆಯನ್ನು ತಪ್ಪು ಅನ್ನೋ ಹಾಗೆ ಎತ್ತಿ ಆಡ್ತಾರೆ. ಇದು ಯಾವ ನ್ಯಾಯ?

ಕೆಲಸ ಸಿಗಲಿಲ್ಲ. ಆದರೆ ಅಳು ತಡೆದುಕೊಂಡು ಹೊರಗೆ ಬಂದವಳಿಗೆ "ಮೊದಲು ಊಟ ಮಾಡಮ್ಮ" ಅಂತ ನಿಮ್ಮ ಡಬ್ಬಿಯ ಚಿತ್ರಾನ್ನ ಕೊಟ್ಟಿರಲ್ಲ, ಅದನ್ನು ಮರೆಯೋಕಾಗಲ್ಲ. ಇನ್ನೊಂದು ಕಡೆ ಅರ್ಜಿ ಹಾಕಿದ್ದೇನೆ. ತುಂಬಾ ಥ್ಯಾಂಕ್ಸ್ ಅಕ್ಕಾ.