ರುಸ್ ಬೇರೆ, ರಷ್ಯಾ ಬೇರೆ

ಚಿರಂಜೀವಿ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಸೆಮಿನಾರಿನ ಕರಡು ಓದಿದೆ. 'ಉಕ್ರೇನಿಯನ್ನರೂ ರಷ್ಯನ್ನರೂ ಒಂದೇ ಜನ, 1991ರಲ್ಲಿ ಬೇರೆಯಾದರು' ಎಂಬ ವಾಕ್ಯ ತೆಗೆದುಬಿಡು. ಬುಡ ಒಂದೇ ಎನ್ನುವುದು ಸುಳ್ಳಲ್ಲ, ಇಸವಿ ತಪ್ಪು.

ಎಡವಟ್ಟು ಶುರುವಾಗುವುದು 'ರುಸ್' ಎಂಬ ಹೆಸರಿನಲ್ಲಿ. ಅದು ಕೀವ್ ರಾಜಧಾನಿಯಾಗಿದ್ದ ರಾಜ್ಯ. ಅದನ್ನು 'ರಷ್ಯಾ' ಎಂದು ಬರೆದ ಕೂಡಲೇ ಪಿತ್ರಾರ್ಜಿತವೆಲ್ಲ ಒಬ್ಬನೇ ದಾಯಾದಿಯ ಖಾತೆಗೆ ಹೋಗುತ್ತದೆ. 988ರಲ್ಲಿ ಕ್ರೈಸ್ತ ಮತ ತಂದ ಅಲ್ಲಿನ ದೊರೆ ಉಕ್ರೇನಿನವರಿಗೆ ವೊಲೊದಿಮಿರ್, ರಷ್ಯದವರಿಗೆ ವ್ಲದೀಮಿರ್. ಮಾಸ್ಕೋದ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದೇ 1147ರಲ್ಲಿ.

1240ರಲ್ಲಿ ಮಂಗೋಲರು ಕೀವನ್ನು ಹಾಳುಗೆಡವಿದ ಮೇಲೆ ದಾರಿ ಕವಲೊಡೆಯಿತು. ಮಾಸ್ಕೋ ಖಾನರಿಗೆ ಕಪ್ಪ ಒಪ್ಪಿಸುತ್ತ, ಉಳಿದವರ ಪಾಲನ್ನೂ ತಾನೇ ವಸೂಲಿ ಮಾಡುತ್ತ ಬಲಿಯಿತು. ಕೀವ್ ಲಿಥುವೇನಿಯಾದ ಪಾಲಾಗಿ, 1569ರಲ್ಲಿ ಪೋಲೆಂಡಿನ ಕೈಸೇರಿತು.

ಕೀವ್ ಹತ್ತಿರದ ಊರು ಪೆರೆಯಾಸ್ಲಾವ್‌ಗೆ ನೀನು ಕೊಟ್ಟ ಒಂದು ಸಾಲು ಸಾಲದು. ಪೋಲೆಂಡಿನ ವಿರುದ್ಧ ದಂಗೆಯೆದ್ದ, ಉಕ್ರೇನಿನ ಸ್ವತಂತ್ರ ಯೋಧರಾದ ಕೊಸಾಕರ ನಾಯಕ ಬೊಹ್ದಾನ್ ಖ್ಮೆಲ್ನಿತ್ಸ್ಕಿ 1654ರ ಜನವರಿಯಲ್ಲಿ ಅಲ್ಲಿನ ಚರ್ಚಿನೊಳಗೆ ನಿಂತು, ಮಾಸ್ಕೋದ ದೊರೆ ತ್ಸಾರನ ಪರವಾಗಿ ನೀವೂ ಪ್ರಮಾಣ ಮಾಡಿ ಎಂದು ರಾಯಭಾರಿ ಬುತುರ್ಲಿನ್‌ನನ್ನು ಕೇಳಿದ. ದೊರೆ ಪ್ರಜೆಗಳಿಗೆ ಆಣೆ ಇಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಆತ ಒಪ್ಪಲಿಲ್ಲ. ಖ್ಮೆಲ್ನಿತ್ಸ್ಕಿ ಹೊರಗೆ ಹೋಗಿ, ತನ್ನವರೊಡನೆ ಮಾತಾಡಿಕೊಂಡು, ವಾಪಸು ಬಂದು ಏಕಪಕ್ಷೀಯವಾಗಿ ಪ್ರಮಾಣ ಮುಗಿಸಿದ. ಪೋಲೆಂಡಿನ ರಾಜರು ಪ್ರಮಾಣ ಮಾಡುತ್ತಿದ್ದುದನ್ನು ಕಂಡಿದ್ದ ಕೊಸಾಕರಿಗೆ ಅದು ಕರಾರು. ಮಾಸ್ಕೋಗೆ ಶರಣಾಗತಿ. ಮುಂದಿನ ಜಗಳದ ಬೀಜ ಇಲ್ಲಿದೆ.

ಉಕ್ರೇನಿಯನ್ ಎಂಬ ಪ್ರತ್ಯೇಕ ಭಾಷೆಯೇ ಇಲ್ಲ ಎಂಬ ವಾದ ಮುಂದಿಟ್ಟು 1863ರಲ್ಲಿ ರಷ್ಯಾ ಸಾಮ್ರಾಜ್ಯದ ಸಚಿವ ವಲುಯೆವ್ ಸುತ್ತೋಲೆ ಹೊರಡಿಸಿದ. ಆ ಭಾಷೆಯ ಧಾರ್ಮಿಕ, ಶಾಲಾ ಪುಸ್ತಕಗಳ ಮುದ್ರಣ ನಿಂತಿತು. 1876ರಲ್ಲಿ ನಿಷೇಧ ಇನ್ನೂ ಬಿಗಿಯಾಯಿತು. ಇಲ್ಲದ ಭಾಷೆಗೆ ನಿಷೇಧ ಯಾಕೆ ಬೇಕಿತ್ತೋ! ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲ್ವಿವ್‌ನಲ್ಲಿ ಅಚ್ಚು ಮುಂದುವರಿಯಿತು. ಸ್ಟಾಲಿನ್ ಕಾಲದಲ್ಲಿ ಉಕ್ರೇನನ್ನು ಕಾಡಿದ 1932-33ರ ಕ್ಷಾಮಕ್ಕೆ ಬೇರೆಯೇ ಪುಟ ಕೊಡು.

1991ರ ಡಿಸೆಂಬರ್ 1ರ ಜನಮತದಲ್ಲಿ ಉಕ್ರೇನಿನ ಸ್ವಾತಂತ್ರ್ಯಕ್ಕೆ ಬಿದ್ದದ್ದು ಶೇ. 90ಕ್ಕೂ ಹೆಚ್ಚು ಮತ. ಕ್ರಿಮಿಯಾದಲ್ಲೂ ಅರ್ಧಕ್ಕಿಂತ ಹೆಚ್ಚು. ಹಾಗಂತ ಭಾಷೆ ನೋಡಿ ಜನರನ್ನು ವಿಂಗಡಿಸಬೇಡ. ಪೂರ್ವ ಉಕ್ರೇನಿನ ಖಾರ್ಕಿವ್‌ನಲ್ಲಿ ಮನೆಯಲ್ಲಿ ರಷ್ಯನ್ ಆಡುತ್ತಲೇ ತಾವು ಉಕ್ರೇನಿಯನ್ನರು ಎನ್ನುವವರು ಬೇಕಾದಷ್ಟು.

ಪದಗಳನ್ನೂ ನಿಘಂಟು ನೋಡಿಯೇ ಬರಿ. ಉಕ್ರೇನಿಯನ್‌ನಲ್ಲಿ 'ನೆಡಿಲ್ಯ' ಎಂದರೆ ಭಾನುವಾರ, ಕೆಲಸ ಮಾಡದ ದಿನ. ಹಳೆಯ ಅರ್ಥ ಅದೇ. ರಷ್ಯನ್‌ನಲ್ಲಿ ಅದೇ ಪದ ಇಡೀ ವಾರವಾಗಿದೆ.

ಇಂತಿ,
ಅಪ್ಪ