ಗಂಜಿನ ಲೆಕ್ಕ ಗೊತ್ತಿರುವ ಮಕ್ಕಳಿಗೆ ಸರ್ಟಿಫಿಕೇಟ್ ಮಾರಬೇಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯು ಸೇರುವ ಗಡಿಬಿಡಿ ಶುರುವಾಗಿದೆ. ಕಲಬುರಗಿಯಲ್ಲಿ ಇಪ್ಪತ್ತು ವರ್ಷದಿಂದ ಪಿಯು ಮಕ್ಕಳಿಗೆ ಅಕೌಂಟೆನ್ಸಿ ಕಲಿಸುತ್ತಿದ್ದೇನೆ. ಈ ಹೊತ್ತಿನಲ್ಲಿ ಪಾಲಕರಿಗೆ ಒಂದು ಮಾತು ಹೇಳಲೇಬೇಕು.

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಗಂಜಿನಲ್ಲಿ, ಅಂದರೆ ಇಲ್ಲಿನ ಕಾಳುಕಡಿ ಮಾರುಕಟ್ಟೆಯಲ್ಲಿ, ಅಡತಿ (ದಲಾಲಿ) ಅಂಗಡಿಯ ಲೆಕ್ಕ ಬರೆಯುವ ಮುನೀಮರು. ಮಗಳಿಗೆ ದೆಹಲಿಯ ಶ್ರೀರಾಮ್ ಕಾಮರ್ಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಆನರ್ಸ್ ಓದಿ, ಮುಂದೆ ಫೈನಾನ್ಸ್ ಕೆಲಸಕ್ಕೆ ಸೇರುವ ಆಸೆ. 'ಅರ್ಜಿ ಗಟ್ಟಿ ಮಾಡಿಕೊಡುತ್ತೇವೆ' ಎಂದ ಏಜೆನ್ಸಿಯೊಂದಕ್ಕೆ ಅವರು 40,000 ರೂಪಾಯಿ ಕಟ್ಟಿದ್ದರು. ಒಂದು ದಿನ ಫೈಲು ತಂದು ನನ್ನ ಮುಂದಿಟ್ಟರು. ಒಳಗೆ ಎಂಟು ಸರ್ಟಿಫಿಕೇಟ್. ನಾಯಕತ್ವ ತರಬೇತಿ, ಆನ್‌ಲೈನ್ ಇಂಟರ್ನ್‌ಶಿಪ್, ಇನ್ನೂ ಏನೇನೋ. ಎಲ್ಲಕ್ಕೂ ಬಂಗಾರದ ಬಣ್ಣದ ಅಂಚು. ಇದರಲ್ಲಿ ಏನು ಕಲಿತೆ ಅಂತ ಕೇಳಿದರೆ ಹುಡುಗಿ ತಲೆ ತಗ್ಗಿಸಿದಳು.

ನನಗೆ ಹೊಟ್ಟೆ ಉರಿಯಿತು. ದೆಹಲಿ ವಿಶ್ವವಿದ್ಯಾಲಯ 2022ರಿಂದ ಪದವಿ ಸೀಟು ಕೊಡುವುದು ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕ ನೋಡಿ. ಕ್ರೀಡೆ, ಕಲೆಯ ಕೋಟಾ ಬಿಟ್ಟರೆ ಅಲ್ಲಿ ಇಂಥ ಸರ್ಟಿಫಿಕೇಟ್ ಯಾರೂ ಕೇಳುವುದೇ ಇಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇತ್ತು. ಅಲ್ಲಿ ಅರ್ಥಶಾಸ್ತ್ರ ಆನರ್ಸ್ ಬೇಕಾದರೆ ಸಿಯುಇಟಿಯಲ್ಲಿ ಗಣಿತ ಬರೆಯಲೇಬೇಕು. ಇವಳು ಪಿಯುನಲ್ಲಿ ಓದಿದ್ದು ಹೆಬಾ: ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಅಕೌಂಟೆನ್ಸಿ. ಗಣಿತವೇ ಇಲ್ಲ. ಫಸ್ಟ್ ಪಿಯು ಸೇರಿದ ದಿನವೇ ಆ ಬಾಗಿಲು ಮುಚ್ಚಿತ್ತು. ಹಣ ಎಣಿಸಿಕೊಂಡವರು ಇದನ್ನು ಒಮ್ಮೆಯೂ ಹೇಳಿರಲಿಲ್ಲ.

'ಕಾಮರ್ಸ್‌ಗೆ ಮ್ಯಾಥ್ಸ್ ಯಾಕೆ, ಪರ್ಸೆಂಟೇಜ್ ಬೀಳುತ್ತೆ' ಎನ್ನುವ ಮಾತು ನಮ್ಮ ಸ್ಟಾಫ್ ರೂಮುಗಳಲ್ಲೂ ಇದೆ. ದಯವಿಟ್ಟು ನಂಬಬೇಡಿ. ಬೇಸಿಕ್ ಮ್ಯಾಥ್ಸ್ ತೆಗೆದುಕೊಳ್ಳುವವರು ಅದು ಸಾಕೇ ಅಂತ ಸೇರುವ ಮೊದಲೇ ಆಯಾ ವಿಶ್ವವಿದ್ಯಾಲಯದ ನಿಯಮ ಓದಿ. ಸಿಯುಇಟಿಯನ್ನು ಕನ್ನಡದಲ್ಲೂ ಬರೆಯಬಹುದು. ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಎಲ್ಲ ಕಡೆ ಪರೀಕ್ಷೆಯೊಂದೇ ಅಂತಲ್ಲ. ಇಂದೋರ್ ಐಐಎಂ 2011ರಿಂದ ಪಿಯು ಮುಗಿಸಿದವರಿಗೇ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸ್ ನಡೆಸುತ್ತಿದೆ. ಅಲ್ಲಿ ಲಿಖಿತ ಪರೀಕ್ಷೆ ಆದ ಮೇಲೆ ಸಂದರ್ಶನ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಸಂದರ್ಶನ ಇದೆ. ಎದುರು ಕೂತವರು ಎರಡು ಪ್ರಶ್ನೆ ಹಾಕಿದರೆ ಕೊಂಡುತಂದ ಸರ್ಟಿಫಿಕೇಟಿನ ಬಣ್ಣ ಬಯಲಾಗುತ್ತದೆ ಅಲ್ವಾ?

ಅವತ್ತು ಆ ಹುಡುಗಿಯ ಬ್ಯಾಗಿನಲ್ಲಿ ಇನ್ನೊಂದು ವಸ್ತು ಇತ್ತು. ಇನ್ನೂರು ಪುಟದ ನೋಟ್‌ಬುಕ್. ಶನಿವಾರ ಮಧ್ಯಾಹ್ನ ಅಪ್ಪನ ಜೊತೆ ಕೂತು ತಕ್‌ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕಚೀಟಿ) ಬರೆಯುತ್ತಿದ್ದಳಂತೆ. ಹಾಗೇ ತೊಗರಿಯ ಆವಕ, ಕನಿಷ್ಠ ದರ, ಗರಿಷ್ಠ ದರ ಗೆರೆ ಎಳೆದು ಬರೆದಿಟ್ಟಿದ್ದಳು. 2024-25ರಲ್ಲಿ ತೊಗರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಒಂದು ಪುಟದಲ್ಲಿ ಕೆಂಪು ಪೆನ್ನಿನಿಂದ ಕೇಳಿದ್ದಳು: 'ಅದಕ್ಕಿಂತ ಕಡಿಮೆಗೆ ಯಾಕೆ ಕೊಟ್ಟರು?' ಕೆಳಗೆ ಅಪ್ಪನ ಉತ್ತರ: 'ಕಾಳಿನಲ್ಲಿ ತೇವ. ಸಾಲದ ವಾಯಿದೆ. ಖರೀದಿ ಕೇಂದ್ರದ ದುಡ್ಡಿಗೆ ಕಾಯೋ ತಾಕತ್ತಿಲ್ಲ.' ಇಷ್ಟು ದಿನ ಯಾಕಮ್ಮ ತೋರಿಸಲಿಲ್ಲ ಅಂದೆ. 'ಅದೇನ್ ದೊಡ್ಡದಲ್ಲ ಮೇಡಂ, ಸುಮ್ನೆ ಬರೀತಿದ್ದೆ' ಅಂದಳು.

ಸಂದರ್ಶನಕ್ಕೆ ಹೋಗುವ ಮಗು ಕೈಯಲ್ಲಿ ಹಿಡಿಯಬೇಕಾದದ್ದು ಆ ನೋಟ್‌ಬುಕ್. ನಗದು ಕೊರತೆ, ಬೆಲೆ ಏರಿಳಿತ, ನಷ್ಟದ ಅಪಾಯ, ಫೈನಾನ್ಸ್ ಪಾಠ ಎಲ್ಲ ಅದರಲ್ಲೇ ಇದೆ. ಬೀದರಿನಲ್ಲಿ ಅಮ್ಮನ ಸ್ವಸಹಾಯ ಸಂಘದ ಸಾಲದ ಪುಸ್ತಕ ಬರೆಯುವ ಹುಡುಗ ಹುಡುಗಿಯರ ಬಳಿಯೂ ಇಂಥದ್ದು ಇರುತ್ತದೆ.

ಕಾಗದ ಪತ್ರದ ಬಗ್ಗೆಯೂ ಎಚ್ಚರ ಇರಲಿ. ಕಲ್ಯಾಣ ಕರ್ನಾಟಕದವರಾದ ನಮಗೆ ಇಲ್ಲಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ದೆಹಲಿಯಲ್ಲಿ, ಐಐಎಂನಲ್ಲಿ ಅದು ನಡೆಯುವುದಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಪ್ರಮಾಣಪತ್ರವೂ ನಡೆಯುವುದಿಲ್ಲ. ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯಲ್ಲೇ ಒಬಿಸಿ ಪ್ರಮಾಣಪತ್ರ ಬೇಕು. ಕೊನೆ ವಾರದಲ್ಲಿ ನಾಡಕಚೇರಿಗೆ ಓಡಿದರೆ ಆಗದು. ಇನ್ನು ದುಡ್ಡು. 2024ರಲ್ಲಿ ಬಂದ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ.

ಆ ಹುಡುಗಿ ಈಗ ಇಲ್ಲೇ ಬಿಕಾಂ ಓದುತ್ತಿದ್ದಾಳೆ. ಅವಳ ತಮ್ಮ ಈ ವರ್ಷ ಪಿಯು ಸೇರಬೇಕು. ಅಕೌಂಟೆನ್ಸಿ ಜೊತೆ ಗಣಿತ ಎಲ್ಲಿದೆ ಅಂತ ಹೋದ ವಾರ ತಂದೆ ಬಂದು ಕೇಳಿದರು. ಅವರ ಮನೆ ಹತ್ತಿರದ ಮೂರು ಕಾಲೇಜಿಗೆ ನಾನೇ ಫೋನ್ ಮಾಡಿದೆ. ಮೂರರಲ್ಲೂ ಇಲ್ಲ ಅಂದರು. ತಾಲ್ಲೂಕಿಗೆ ಒಂದಾದರೂ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಾಮರ್ಸ್ ಜೊತೆ ಗಣಿತ ಕಲಿಸುವ ವ್ಯವಸ್ಥೆಯನ್ನು ಇಲಾಖೆ ಈ ಜೂನ್‌ನಲ್ಲೇ ಮಾಡಲಿ. ಸಂಜೆ ಪಾಠ ಮಾಡಬೇಕೆಂದರೂ ನಾನು ಬರುತ್ತೇನೆ.

— ಒಬ್ಬ ಪಿಯು ಉಪನ್ಯಾಸಕಿ, ಕಲಬುರಗಿ