ಏಳು ಮಾತ್ರೆಯ ಹಾಡು, ನಿನ್ನ ಬೇಸ್ ಗಿಟಾರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಯುವವರು ತೋಟಕ್ಕೆ ಬಂದರೆಂದು ನಿನಗೆ ಅವಸರ, ಪಾಠದ ಹುಡುಗರು ಬಾಗಿಲಲ್ಲಿ ನಿಂತಿದ್ದರೆಂದು ನನಗೆ ಅವಸರ. "ಎರಡು ವರ್ಷದಿಂದ ಒಂದು ಹಾಡೂ ಹೊರಗೆ ಬಂದಿಲ್ಲ, ದಿನವಿಡೀ ಏನು ಮಾಡುತ್ತೀಯ ಮಾರಾಯ?" ಎಂದೆಯಲ್ಲ, ಆ ಮಾತಿನಲ್ಲಿ ಕಾಳಜಿಯೇ ಇತ್ತೆಂದು ಗೊತ್ತು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ನಿನ್ನಿಂದ ಒಂದು ಕೆಲಸವೂ ಆಗಬೇಕಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಏಳುವುದು ಬೆಳಗಿನ ನಾಲ್ಕೂವರೆಗೆ. ಹನುಮಂತನಗರದ ಈ ಎರಡನೇ ಮಹಡಿಯಲ್ಲಿ ನಿಶ್ಶಬ್ದ ಸಿಗುವುದು ನಾಲ್ಕೂವರೆಯಿಂದ ಆರರ ತನಕ ಮಾತ್ರ. ಆಮೇಲೆ ಹಾಲಿನ ಸ್ಕೂಟರು, ನೀರಿನ ಟ್ಯಾಂಕರು, ಎದುರುಮನೆಯ ಕುಕ್ಕರು. ಎದ್ದವನು ಮೊದಲು ಫ್ರಿಜ್ ಆರಿಸುತ್ತೇನೆ. ಅದರ ಮೋಟಾರಿನ ಸದ್ದು ನಮ್ಮ ಕಿವಿಗೆ ಬೀಳದಿದ್ದರೂ ಮೈಕಿಗೆ ಬೀಳುತ್ತದೆ. ಆರಿಸಿದ ಮೇಲೆ ಸ್ಕೂಟರಿನ ಬೀಗದ ಕೈಯನ್ನು ಫ್ರಿಜ್ಜಿನೊಳಗೆ ಇಡುತ್ತೇನೆ. ಹೊರಗೆ ಹೊರಡಬೇಕಾದರೆ ಅದನ್ನು ತೆರೆಯಲೇಬೇಕು, ತೆರೆದಾಗ ಮತ್ತೆ ಚಾಲೂ ಮಾಡುವ ನೆನಪು ಬರುತ್ತದೆ. ಚಿತ್ರೀಕರಣದಲ್ಲಿ ಧ್ವನಿಗ್ರಹಣ ಮಾಡುವ ಪರಿಚಯದವರೊಬ್ಬರು ಹೇಳಿಕೊಟ್ಟ ಉಪಾಯ ಇದು.

ಆಮೇಲೆ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಕೋಣೆಯ ನಡುವೆ ನಿಂತು ನಿಧಾನವಾಗಿ ಸುತ್ತು ತಿರುಗುತ್ತೇನೆ. ನನ್ನ ಹಳೆಯ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ಪುಗಳು ನಿನಗೆ ನೆನಪಿರಬೇಕು. ಗೋಡೆಯೊಳಗಿನ ವೈರು, ದೀಪ, ಚಾರ್ಜರ್, ಎಲ್ಲದರ ಗುಂಯ್ ಸದ್ದನ್ನೂ ಹೀರಿಕೊಳ್ಳುತ್ತವೆ. ನಮ್ಮ ಕರೆಂಟಿನ 50 ಹರ್ಟ್ಸ್ ಕಂಪನ ಪ್ರತಿಯೊಂದು ಸ್ವರದ ಕೆಳಗೂ ಜೇನುನೊಣದ ಹಾಗೆ ಕುಳಿತಿರುತ್ತದೆ. ಆದರೆ ಪಿಕಪ್ಪಿನ ಮುಖ ಬದಲಾದಂತೆ ಗುಂಯ್ ಕೂಡ ಏರಿಳಿಯುತ್ತದೆ. ಕಿಟಕಿಗೆ ಬೆನ್ನು, ದೇವರ ಮನೆಗೆ ಎಡಭುಜ ಕೊಟ್ಟು ನಿಂತರೆ ಅದು ಹೆಚ್ಚುಕಡಿಮೆ ಅಡಗುತ್ತದೆ. ಆ ಜಾಗದಲ್ಲಿ ಸೀಮೆಸುಣ್ಣದಿಂದ ಎರಡು ಪಾದ ಬರೆದಿಟ್ಟಿದ್ದೇನೆ. ಅಮ್ಮ ನೆಲ ಒರೆಸುವಾಗ ಅಷ್ಟು ಜಾಗವನ್ನು ಬಿಟ್ಟು ಒರೆಸುತ್ತಾಳೆ. ಒಂದು ದಿನವೂ ಏಕೆಂದು ಕೇಳಿಲ್ಲ.

ಹೀಗೆ ಒಂದೂವರೆ ಗಂಟೆ. ಕೆಲವು ದಿನ ನಾಲ್ಕು ಸ್ವರ ಸಿಗುತ್ತವೆ, ಹಲವು ದಿನ ಏನೂ ಸಿಗುವುದಿಲ್ಲ. ಈ ಎರಡು ವರ್ಷ ಹೋದದ್ದು ಒಂದೇ ಹಾಡಿಗೆ. ಅದರ ಕತೆ ನಿನಗೆ ವಿವರವಾಗಿ ಹೇಳಲೇಬೇಕು.

ನಾವಿಬ್ಬರೂ ಬರೆದ ಹಳೆಯ ಹಾಡುಗಳನ್ನು ಈಗ ಕೇಳಿದರೆ ಒಂದು ವಿಷಯ ನನ್ನನ್ನು ಚುಚ್ಚುತ್ತದೆ. ಮೊದಲು ಇಂಗ್ಲಿಷಿನ ಹಾಡಿನ ಲಯ ಹುಟ್ಟಿಸಿಕೊಂಡು, ಆಮೇಲೆ ಅದರೊಳಕ್ಕೆ ಕನ್ನಡವನ್ನು ತುರುಕುತ್ತಿದ್ದೆವು. "ಬಿಡು" ಎಂಬ ಪದವನ್ನು ಉದ್ದ ಸ್ವರದ ಮೇಲೆ ಎಳೆದಾಗ ಅದು "ಬೀಡು" ಆಯಿತು. "ಕೊಡು" ಎಂದು ಕೂಗಿದ್ದು ಕೇಳುವವರಿಗೆ "ಕೋಡು" ಎಂದು ಕೇಳಿಸಿತು. ನಮ್ಮ ನುಡಿಯಲ್ಲಿ ಸ್ವರವನ್ನು ಎಳೆದರೆ ಅರ್ಥವೇ ಬೇರೆ ಮನೆಗೆ ಹೋಗುತ್ತದೆ. ವೇದಿಕೆಯ ಮುಂದೆ ನಿಂತ ಕನ್ನಡದ ಹುಡುಗರಿಗೇ ನಮ್ಮ ಮಾತು ಅರ್ಥವಾಗುತ್ತಿರಲಿಲ್ಲ, ನಾವು ಸ್ಪೀಕರುಗಳನ್ನು ದೂರುತ್ತಿದ್ದೆವು.

ದಾರಿ ಸಿಕ್ಕಿದ್ದು ಕೆಳಗಿನ ಮನೆಯಿಂದ. ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಗದಗದ ಕಡೆಯವರು. ಸಂಜೆ ದೀಪ ಹಚ್ಚಿದ ಮೇಲೆ ಕುಮಾರವ್ಯಾಸನನ್ನು ಗಮಕದಲ್ಲಿ ಓದುತ್ತಾರೆ. ಒಂದು ಸಂಜೆ ಹೊಸ ತಂತಿ ಹಾಕುತ್ತ ಕುಳಿತಿದ್ದೆ. ಅವರ ಓದು ಕೇಳುತ್ತ ಕೇಳುತ್ತ ನನ್ನ ಕಾಲಿನ ಹೆಬ್ಬೆರಳು ತಾನಾಗಿ ಲೆಕ್ಕ ಹಾಕತೊಡಗಿತು. ಮೂರು, ನಾಲ್ಕು. ಮೂರು, ನಾಲ್ಕು. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಪ್ರಸ್ತಾರ ಹಾಕಿದ್ದ ಭಾಮಿನಿ ಷಟ್ಪದಿ! ಏಳು ಮಾತ್ರೆಗಳ ಆವರ್ತ. ಡ್ರಮ್ಮರುಗಳು ಸೆವೆನ್ ಎಯ್ಟ್ ಎಂದು ಕರೆಯುವ, ರಾಕ್ ಸಂಗೀತದಲ್ಲಿ ಕಷ್ಟದ್ದೆಂದು ಹೆಸರಾದ ಲಯ. ಅದೇ ಏಳು ನಮ್ಮ ಅಜ್ಜಿಯಂದಿರ ನಾಲಿಗೆಯ ಮೇಲೆ ಉಸಿರಾಟದಷ್ಟು ಸಲೀಸಾಗಿ ಓಡಾಡುತ್ತಿದೆ. ಅವತ್ತು ಆರನೇ ತಂತಿ ಹಾಕುವುದೇ ಮರೆತುಹೋಯಿತು.

ಆಮೇಲೆ ನಾನು ರಾಗ ಹುಡುಕುವುದನ್ನು ಬಿಟ್ಟು ಮಾತು ಹುಡುಕಲು ಶುರು ಮಾಡಿದೆ. ಮೂರು ತಿಂಗಳಿಗೆ ಮೂರು ಸಾಲು ಬಂದವು:

ಕಡೆಯ ಬಸ್ಸಿನ ಕೆಂಪು ದೀಪವು
ಗುಡಿಯ ಬೀದಿಯ ತಿರುವಿನಾಚೆಗೆ
ಅಡಗಿ ಹೋಯಿತು ನನ್ನ ಮಾತಿನ ಅರ್ಧವೊಯ್ಯುತಲೇ

ಬೆರಳು ಮಡಚಿ ಎಣಿಸಿ ನೋಡು. ಮೊದಲೆರಡು ಸಾಲು ಹದಿನಾಲ್ಕು ಹದಿನಾಲ್ಕು, ಮೂರನೆಯದು ಇಪ್ಪತ್ತಮೂರು. ಬರೆದು ಮುಗಿದ ಮೇಲೆ ಕಂಡ ಸಂಗತಿಯೊಂದಿದೆ, ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಬಸ್ಸಿನ, ದೀಪವು, ಬೀದಿಯ, ಹೋಯಿತು, ಮಾತಿನ: ನಾಲ್ಕರ ಗುಂಪು ಎಲ್ಲೆಲ್ಲಿ ಶುರುವಾಗುತ್ತದೆಯೋ ಅಲ್ಲೆಲ್ಲ ಗುರುವೇ, ಎಂದರೆ ಎರಡು ಮಾತ್ರೆಯ ಅಕ್ಷರವೇ, ಬಂದು ಕುಳಿತಿದೆ. ನಾನು ಯೋಚಿಸಿ ಇಟ್ಟದ್ದಲ್ಲ. ಬಾಯಿ ತಾನೇ ಅಲ್ಲಿ ಒತ್ತಿತು. ಈಗ ಡ್ರಮ್ಮಿನ ದೊಡ್ಡ ಪೆಟ್ಟು ಎಲ್ಲಿ ಬೀಳಬೇಕೆಂದು ನನ್ನನ್ನು ಯಾರೂ ಕೇಳಬೇಕಾಗಿಲ್ಲ, ಸಾಲೇ ಹೇಳುತ್ತದೆ. ಎಳೆಯಬೇಕಾದ ಸ್ವರಗಳನ್ನೂ ದೀರ್ಘಾಕ್ಷರಗಳ ಮೇಲೆಯೇ ಇಟ್ಟಿದ್ದೇನೆ. "ದೀ" ಎಷ್ಟು ಎಳೆದರೂ ದೀಪ ದೀಪವಾಗಿಯೇ ಇರುತ್ತದೆ.

ಪ್ರಾಸವೂ ಸಾಲಿನ ಕೊನೆಯಲ್ಲಿಲ್ಲ, ಎರಡನೆಯ ಅಕ್ಷರದಲ್ಲಿದೆ. ಕಡೆ, ಗುಡಿ, ಅಡಗಿ. ಸಾಲಿನ ಬಾಗಿಲಲ್ಲೇ ಹೊಡೆಯುವ ಪ್ರಾಸ ಇದು, ಗಿಟಾರಿನ ಮೊದಲ ಏಟಿನ ಜೊತೆಗೇ ಬೀಳುತ್ತದೆ. ಇಷ್ಟು ಒಳ್ಳೆಯ ಸಲಕರಣೆ ಮನೆಯಲ್ಲೇ ಇತ್ತಲ್ಲ, ನಾವೇಕೆ ಅಷ್ಟು ವರ್ಷ ನೋಡಲಿಲ್ಲ!

ಕಷ್ಟ ಕೊಟ್ಟದ್ದು ಮೂರನೆಯ ಸಾಲಿನ ಬಾಲ. ಏಳು, ಏಳು, ಏಳು ಆದ ಮೇಲೆ ಒಂದು ಗುರು ಮಿಗುತ್ತದೆ, ಎರಡು ಮಾತ್ರೆ. ನಮ್ಮ ಈಗಿನ ಡ್ರಮ್ಮರ್ ಹುಡುಗ ಹಗಲು ಬ್ಯಾಂಕಿನಲ್ಲಿ ದುಡಿದು ವಾರಕ್ಕೊಮ್ಮೆ ಜ್ಯಾಮ್ ರೂಮಿಗೆ ಬರುತ್ತಾನೆ. ಬಾಡಿಗೆ ಗಂಟೆ ಲೆಕ್ಕದಲ್ಲಿ, ಆದ್ದರಿಂದ ಮಾತು ಕಡಿಮೆ. ಆರು ವಾರ ಅವನು ಆ ಎರಡು ಮಾತ್ರೆಯಲ್ಲಿ ಎಡವಿದ. ಒಮ್ಮೆ ಮುಂದೆ ಬಿದ್ದ, ಒಮ್ಮೆ ಹಿಂದೆ ಉಳಿದ, ಕೈ ತಾನಾಗಿ ಎಂಟರ ಕಡೆಗೆ ಓಡಿತು. ಅವನು ಚಿಕ್ಕಂದಿನಲ್ಲಿ ಸ್ವಲ್ಪ ಮೃದಂಗ ಕಲಿತಿದ್ದನಂತೆ. ಕೋಲುಗಳನ್ನು ಕೆಳಗಿಟ್ಟು "ತಕಿಟ ತಕದಿಮಿ" ಎಂದು ತೊಡೆಯ ಮೇಲೆ ತಟ್ಟಿಕೊಂಡ. ಮೂರು ಸಲ ಹೇಳಿ ಮುಗಿಸಿ ಸುಮ್ಮನೆ ಎರಡೂ ಕೈ ಮೇಲೆತ್ತಿದ. ಅದೇ ಪರಿಹಾರವಾಯಿತು. ಈಗ ಆ ಎರಡು ಮಾತ್ರೆಯಲ್ಲಿ ವಾದ್ಯಗಳೆಲ್ಲ ನಿಲ್ಲುತ್ತವೆ, ನನ್ನ ದನಿ ಒಂದೇ "ಲೇ" ಎಂದು ಖಾಲಿ ಕೋಣೆಯಲ್ಲಿ ಉಳಿಯುತ್ತದೆ. ಮರುಕ್ಷಣ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಮೊದಲ ಸಲ ಸರಿಯಾಗಿ ಬಿದ್ದಾಗ ಮೂವರೂ ನುಡಿಸುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅರ್ಧ ಗಂಟೆಯ ಬಾಡಿಗೆ ಇನ್ನೂ ಉಳಿದಿತ್ತು, ಆದರೂ ಹೊರಗೆ ಬಂದು ಚಹಾ ಕುಡಿದೆವು.

ಅಜ್ಜಿಗೆ ಕೇಳಿಸಿದೆ. ಪೂರ್ತಿ ಕಣ್ಣು ಮುಚ್ಚಿ ಕೇಳಿದರು. "ಗಮಕಕ್ಕೆ ತಾಳವಿಲ್ಲಪ್ಪಾ, ಅರ್ಥ ಹೇಳಿದ ಕಡೆ ನಿಲ್ಲಬೇಕು, ಅರ್ಥ ಹೇಳಿದ ಕಡೆ ಓಡಬೇಕು. ನೀನು ಇದನ್ನು ಗೂಟಕ್ಕೆ ಕಟ್ಟಿದ್ದೀಯಲ್ಲ" ಎಂದರು. ಅದು ನಿಜ. ನಾನು ಕಟ್ಟಿದ್ದು ಲಯ ಬಡಿಯುವ ಮೆಟ್ರೊನೋಮಿಗೆ, ಮಾತ್ರೆಗೊಂದರಂತೆ ನಿಮಿಷಕ್ಕೆ 210 ಬಡಿತ. ಆ ವೇಗದಲ್ಲಿ ಒಂದು ಪೂರ್ತಿ ಷಟ್ಪದಿಯ 102 ಮಾತ್ರೆಗಳು 29 ಸೆಕೆಂಡಿನಲ್ಲಿ ಮುಗಿದುಹೋಗುತ್ತವೆ. ಅವರ ಮಾತಿನಿಂದ ನಾನು ಒಂದು ಬದಲಾವಣೆ ಮಾಡಿದೆ. ಹಾಡಿನ ಆರಂಭದಲ್ಲಿ ಮೂರು ಸಾಲನ್ನೂ ತಾಳವಿಲ್ಲದೆ, ಒಂದೇ ತಂತಿಯ ಶ್ರುತಿಯ ಮೇಲೆ ಹೇಳುತ್ತೇನೆ. ಡ್ರಮ್ಮು ಆಮೇಲೆ ಬರುತ್ತದೆ. ಅಜ್ಜಿ ಅದನ್ನು ಒಪ್ಪಿದರು. ಉಳಿದದ್ದರ ಬಗ್ಗೆ ಏನೂ ಹೇಳಲಿಲ್ಲ.

ಹೊಟ್ಟೆಪಾಡಿನ ಮಾತು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಂಜೆ ಹನ್ನೊಂದು ಮಕ್ಕಳಿಗೆ ಗಿಟಾರ್ ಪಾಠ. ಅದರಿಂದ ಮನೆ ನಡೆಯುತ್ತದೆ. ಆಗೀಗ ಒಂದು ಜಾಹೀರಾತಿನ ಕೆಲಸ ಸಿಗುತ್ತದೆ, ಅದರಿಂದ ಧ್ವನಿಮುದ್ರಣ ನಡೆಯುತ್ತದೆ. ಹಾಡುಗಳಿಂದ ಬರುವುದು ಬಹಳ ಕಡಿಮೆ. ಒಂದು ದೊಡ್ಡ ಸ್ಟ್ರೀಮಿಂಗ್ ಸೇವೆಯಲ್ಲಿ 2024ರಿಂದ ಹೊಸ ನಿಯಮ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣವಿಲ್ಲ. ನಮ್ಮ ಮೂರರಲ್ಲಿ ಎರಡು ಆ ಗೆರೆ ದಾಟಲಿಲ್ಲ. ಹೋದ ತಿಂಗಳು ಒಂದು ಪಬ್ಬಿನವರು ಕರೆದು, ಬೇರೆಯವರ ಹಿಟ್ ಹಾಡುಗಳನ್ನು ಎರಡು ಗಂಟೆ ಹಾಡಿದರೆ ಕೊನೆಗೆ ನಮ್ಮದೊಂದಕ್ಕೆ ಅವಕಾಶ ಕೊಡುತ್ತೇವೆ ಎಂದರು. ಬೇಡವೆಂದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ, ಆದರೆ ಬೆಳಗ್ಗೆ ನಾಲ್ಕೂವರೆಗೆ ಎದ್ದೆ.

ಹಾಗೆ ನಿದ್ದೆ ಬಾರದ ರಾತ್ರಿಗಳಲ್ಲಿ 2007ರ ಮಾರ್ಚ್ 17 ನೆನಪಿಗೆ ಬರುತ್ತದೆ. ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡದ ಕಾರ್ಯಕ್ರಮ. ನಾವಿಬ್ಬರೂ ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತು, ಮುಗಿದ ಮೇಲೆ ಮೇಖ್ರಿ ವೃತ್ತದಿಂದ ಮನೆಯ ತನಕ ನಡೆದೇ ಬಂದೆವು. ದಾರಿಯುದ್ದಕ್ಕೂ ನೀನು ಹೇಳಿದ್ದು ಒಂದೇ ಮಾತು, ಅವರ ಬೇಸ್ ಗಿಟಾರು ಹಿಂದೆ ನಿಂತು ನುಡಿಸುವುದಿಲ್ಲ, ಮುಂದೆ ಓಡುತ್ತದೆ ಎಂದು. ಮರು ವರ್ಷ ರಘು ದೀಕ್ಷಿತರ ಮೊದಲ ಆಲ್ಬಂ ಬಂತು, ಶಿಶುನಾಳ ಷರೀಫರ ತತ್ವಪದ ಗಿಟಾರಿನ ಜೊತೆ ನಿಂತು ಹಾಡಿತು. ನಾವೂ ಕನ್ನಡದಲ್ಲೇ ಬರೆಯೋಣ ಎಂದು ನೀನು ಲ್ಯಾಬ್ ರೆಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟ ಮೊದಲ ಪದ್ಯ ನನ್ನ ಹತ್ತಿರ ಇನ್ನೂ ಇದೆ.

ಆ ಪದ್ಯಗಳ ವಿಷಯವಾಗಿಯೇ ಇನ್ನೊಂದು ಮಾತು. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಧ್ವನಿಮುದ್ರಣ ಒಂದು, ಸಾಹಿತ್ಯ ಮತ್ತು ಧಾಟಿ ಇನ್ನೊಂದು. ಸಾಹಿತ್ಯ ಬರೆದವನ ಪಾಲು 2012ರ ಕೃತಿಸ್ವಾಮ್ಯ ತಿದ್ದುಪಡಿಯ ಮೇಲೆ ಇನ್ನಷ್ಟು ಗಟ್ಟಿಯಾಗಿದೆ. ಅದನ್ನು ವಸೂಲು ಮಾಡಿ ಹಂಚುವ ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದ ಇದೆ. ನಾನು ಸದಸ್ಯನಾಗಿದ್ದೇನೆ, ನೀನೂ ಆಗು. ಹಳೆಯ ಹಾಡುಗಳಿಗೆಲ್ಲ ಸಾಹಿತಿಯೆಂದು ನಿನ್ನ ಹೆಸರನ್ನೇ ಕೊಟ್ಟಿದ್ದೇನೆ. ಈಗ ಬರುವುದು ಒಂದು ಬಾಳೆಗೊನೆಯ ಬೆಲೆಯೂ ಅಲ್ಲ, ಗೊತ್ತು. ಆದರೂ ನಿನ್ನದು ನಿನ್ನ ಹೆಸರಿನಲ್ಲೇ ಇರಬೇಕು.

ಈಗ ಕೆಲಸದ ಮಾತು. ನಿನ್ನ ಬೇಸ್ ಗಿಟಾರು ಅಟ್ಟದ ಮೇಲಿದೆ ಎಂದೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಅದನ್ನು ಅಲ್ಲಿ ಬಿಡಬೇಡ. ಕೆಳಗಿಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಕುತ್ತಿಗೆ ಬಾಗಿದೆಯೇ ಎಂದು ಕಣ್ಣಳತೆಯಲ್ಲಿ ನೋಡು. ತಂತಿಗಳು ತುಕ್ಕು ಹಿಡಿದಿದ್ದರೆ ಹೇಳು, ಹೊಸದನ್ನು ಇಲ್ಲಿಂದ ಬಸ್ಸಿನಲ್ಲಿ ಕಳಿಸುತ್ತೇನೆ. ದಪ್ಪ ತಂತಿಯನ್ನು ಇ ಯಿಂದ ಡಿ ಗೆ ಇಳಿಸು. ಅಲ್ಲಿಗೆ ಅದು 36.7 ಹರ್ಟ್ಸ್, ಮೊಬೈಲಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ, ನಮ್ಮ ಹಾಡನ್ನು ಹೆಚ್ಚಿನವರು ಕೇಳುವುದು ಅದರಲ್ಲೇ. ಆದ್ದರಿಂದ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಸ್ವಲ್ಪ ಬೆರೆಸೋಣ, ಮೇಲಿನ ಕಂಪನಗಳು ಎದ್ದು ಬಂದರೆ ಕಿವಿ ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ.

ಮೂರರ ಗುಂಪಿನಲ್ಲಿ ಸುಮ್ಮನಿರು. ನಾಲ್ಕರ ಮೊದಲ ಗುರುವಿನ ಮೇಲೆ ಬೀಳು. ಮಿಗುವ ಎರಡು ಮಾತ್ರೆಯಲ್ಲಿ ತಂತಿಯನ್ನು ಅಂಗೈಯಿಂದ ಒತ್ತಿ ಹಿಡಿ, ಒಂದಿಷ್ಟೂ ಉಲಿಯಬಾರದು. ಎಲ್ಲಿ ಓಡಬೇಕೆಂಬುದನ್ನು ನಿನಗೆ ಬಿಟ್ಟಿದ್ದೇನೆ. ನೀನು ನುಡಿಸಿ ಮುದ್ರಿಸಿದ ನಾಲ್ಕು ನಿಮಿಷದ ಕಡತ ಸುಮಾರು 35 ಎಂಬಿ ಆಗುತ್ತದೆ. ನಿಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೇಟೆಗೆ ಬಂದ ದಿನ ಕಳಿಸು, ಅವಸರವಿಲ್ಲ.

ಇನ್ನು ಷಟ್ಪದಿಯ ಕೆಳಗಿನ ಮೂರು ಸಾಲು. ಎಂಟು ತಿಂಗಳಿಂದ ನೂರು ಸಲ ಬರೆದು ಹೊಡೆದುಹಾಕಿದ್ದೇನೆ, ಬರುತ್ತಿಲ್ಲ. ಬಸ್ಸಿನಲ್ಲಿ ಹೋದವನು ಬರೆಯಬೇಕಾದ ಸಾಲುಗಳು ಅವು ಎಂದು ಈಗ ಅನಿಸುತ್ತಿದೆ. ಎರಡನೆಯ ಅಕ್ಷರ ಡಕಾರವೇ ಆಗಬೇಕು, ಅದರ ಹಿಂದಿನದು ಲಘು. ಔಷಧಿ ಹೊಡೆದು ಮುಗಿದ ಮೇಲೆ, ಮಳೆ ಹಿಡಿದು ಕುಳಿತ ಒಂದು ಮಧ್ಯಾಹ್ನ ನೋಡು.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನವನೇ